ಮುಂದಿನ ಫೋರ್ಕ್ ಸೋರಿದಾಗ

ಬ್ರೇಕ್ ಹಿಡಿದೊಡನೆ ಬೈಕಿನ ಮೂತಿ ದಡಕ್ಕನೆ ಕುಸಿಯುತ್ತದೆ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಪಸೆ ಕಾಣುತ್ತದೆ. ಆಯಿಲ್ ಸೀಲ್ ಸವೆದಿರುವ ಸಾಧ್ಯತೆಯೇ ಹೆಚ್ಚು.

1935ರ ಬಿಎಂಡಬ್ಲ್ಯು ಆರ್12 ಬೈಕಿನಲ್ಲಿ ಬಂದ ತತ್ವವೇ ಇಂದಿಗೂ ನಡೆದಿದೆ: ಹೊಂಡದ ಹೊಡೆತವನ್ನು ಸ್ಪ್ರಿಂಗ್ ನುಂಗುತ್ತದೆ, ಸಣ್ಣ ರಂಧ್ರಗಳಲ್ಲಿ ನುಸುಳುವ ಎಣ್ಣೆ ಆ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ.

ಮನೆಯಲ್ಲೇ ಬಿಚ್ಚುವವರು ಬೈಕನ್ನು ಅಲುಗಾಡದಂತೆ ನಿಲ್ಲಿಸಿ ಮುಂದಿನ ಚಕ್ರ ಎತ್ತಬೇಕು. ಫೋರ್ಕ್ ಕ್ಲಾಂಪಿನಲ್ಲಿ ಇರುವಾಗಲೇ ಮೇಲಿನ ಬೋಲ್ಟ್ ಸಡಿಲಿಸುವುದು ಜಾಣತನ. ಒಳಗಿನ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ, ಮುಖ ದೂರವಿರಲಿ. ಕೊಳವೆಯ ಮೇಲೆ ತುಕ್ಕಿನ ಚುಕ್ಕೆಯೋ ಗೀರೋ ಇದ್ದರೆ ಹೊಸ ಸೀಲೂ ಬಾಳದು. ಫೋರ್ಕ್ ಆಯಿಲನ್ನು ಕೈಪಿಡಿ ಹೇಳಿದಷ್ಟೇ ಅಳೆದು ಎರಡೂ ಕಾಲುಗಳಿಗೆ ಹಾಕಬೇಕು. ಅಂದಾಜು ಬೇಡ.

ಸೋರಿದ ಎಣ್ಣೆ ಡಿಸ್ಕ್ ಬ್ರೇಕಿಗೆ ತಗುಲಿದರೆ ಹಿಡಿತವೇ ತಪ್ಪುತ್ತದೆ. ಪಸೆ ಕಂಡ ದಿನವೇ ಕೆಲಸಕ್ಕೆ ಇಳಿಯಿರಿ.