ಮಠದಲ್ಲೇ ಶಾಲೆ, ಮಠದಲ್ಲೇ ಶಾಸನಸಭೆ: ಜರ್ಮನಿಯ ಹಳ್ಳಿಗಾಡಿನ ಮಠ-ಕೋಟೆಗಳು

ಜರ್ಮನಿಯ ನೈಋತ್ಯಕ್ಕಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮೌಲ್‌ಬ್ರೊನ್ ಎಂಬ ಪುಟ್ಟ ಊರಿದೆ. ಸುತ್ತ ದ್ರಾಕ್ಷಿ ತೋಟ, ಕಾಡು, ಕೆರೆ. ಊರ ನಡುವೆ ಕಲ್ಲಿನ ಪೌಳಿ, ಅದರೊಳಗೆ 1147ರಲ್ಲಿ ಶುರುವಾದ ಸನ್ಯಾಸಿ ಮಠ. ಟಿಕೆಟು ಕೊಂಡು ಬಂದವರು ಪಡಸಾಲೆಯಲ್ಲಿ ನಿಂತು ಕಮಾನುಗಳನ್ನು ನೋಡುತ್ತಿರುವಾಗ, ಅದೇ ಕಟ್ಟಡದ ಇನ್ನೊಂದು ಪಾರ್ಶ್ವದಲ್ಲಿ ಹೈಸ್ಕೂಲು ಹುಡುಗ ಹುಡುಗಿಯರು ಪಾಠ ಕೇಳುತ್ತಿರುತ್ತಾರೆ. ಅವರ ಶಾಲೆ 1556ರಲ್ಲಿ ಆರಂಭವಾದದ್ದು. ಯುದ್ಧಗಳ ಕಾಲದಲ್ಲಿ ಬಾಗಿಲು ಹಾಕಿದ್ದುಂಟು; ಮತ್ತೆ ತೆರೆದು ಇಂದಿಗೂ ನಡೆಯುತ್ತಿದೆ.

ಸ್ವಾಬಿಯಾ ಎಂದು ಕರೆಯುವ ಈ ಸೀಮೆಯಲ್ಲಿ ಒಂದೆರಡು ಗಂಟೆಯ ಪಯಣದಳತೆಯಲ್ಲಿ ಇಂಥ ಹಲವು ಮಠಗಳೂ ಕೋಟೆಗಳೂ ಸಿಗುತ್ತವೆ. ಇವುಗಳನ್ನು ಸಾಲಾಗಿ ನೋಡುತ್ತ ಹೋದರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ತನ್ನ ಹಳೆಯ ಕೆಲಸ ಮುಗಿದ ಮೇಲೆ ಹೊಸ ಕೆಲಸ ಸಿಕ್ಕಿದ ಕಟ್ಟಡ ಉಳಿದಿದೆ, ಸಿಗದಿದ್ದದ್ದು ಕಲ್ಲುಕಲ್ಲಾಗಿ ಕರಗಿಹೋಗಿದೆ.

ನೀರಿನ ಮರ್ಮ ಬಲ್ಲವರು

ಮೌಲ್‌ಬ್ರೊನ್ ಕಟ್ಟಿದವರು ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು. 1098ರಲ್ಲಿ ಫ್ರಾನ್ಸಿನ ಸಿಟೋ ಎಂಬಲ್ಲಿ ಹುಟ್ಟಿದ ಪಂಥ ಇದು. ಅಂದಿನ ಶ್ರೀಮಂತ ಮಠಗಳ ಆಡಂಬರದಿಂದ ಬೇಸತ್ತವರು ಊರು ಬಿಟ್ಟು ಕಣಿವೆಗಳಿಗೆ ಹೋಗಿ, ಪ್ರಾರ್ಥನೆಯ ಜೊತೆಗೆ ಮೈಮುರಿದು ದುಡಿಯುವ ಬದುಕನ್ನು ಆರಿಸಿಕೊಂಡರು. ಚರ್ಚಿಗೆ ಎತ್ತರದ ಗೋಪುರ ಬೇಡ, ಬಣ್ಣದ ಗಾಜು ಬೇಡ, ಕಣ್ಣು ಸೆಳೆಯುವ ಶಿಲ್ಪ ಬೇಡ ಎಂಬುದು ಅವರ ಕಟ್ಟುಪಾಡು. ಮಾಡಿನ ಮೇಲೆ ಗಂಟೆ ತೂಗುವಷ್ಟು ಸಣ್ಣ ಶಿಖರವಿದ್ದರೆ ಸಾಕು.

ಕಣಿವೆಯೆಂದರೆ ಜೌಗು. ಜೌಗನ್ನು ಬಸಿದು ಬದುಕು ಕಟ್ಟಬೇಕಾದರೆ ನೀರಿನ ಮರ್ಮ ತಿಳಿದಿರಬೇಕು. ಭಾರ ಹೊತ್ತ ಹೇಸರಗತ್ತೆಯೊಂದು ಇಲ್ಲಿ ನಿಂತು ಗೊರಸಿನಿಂದ ನೆಲ ಕೆರೆದಾಗ ಬುಗ್ಗೆ ಚಿಮ್ಮಿತು, ಸನ್ಯಾಸಿಗಳು ಅಲ್ಲೇ ನೆಲೆಯೂರಿದರು ಎಂದು ಐತಿಹ್ಯ ಹೇಳುತ್ತದೆ. ಐತಿಹ್ಯದ ಆಚೆಗೆ ಅವರು ಮಾಡಿದ ಕೆಲಸ ಇಂದಿಗೂ ಕಣ್ಣೆದುರಿಗಿದೆ. ಏರಿ ಕಟ್ಟಿ ಮೇಲೂ ಕೆಳಗೂ ಕೆರೆಗಳ ಸರಣಿ ಮಾಡಿದರು. ಕಾಲುವೆ ತೋಡಿ ಬೆಟ್ಟದ ನೀರನ್ನು ಅವಕ್ಕೆ ತಿರುಗಿಸಿದರು. ಆ ನೀರೇ ಹಿಟ್ಟಿನ ಗಿರಣಿ ತಿರುಗಿಸಿತು, ಹೊಲಕ್ಕೆ ಹರಿಯಿತು, ಮಠದ ಕೊಳೆಯನ್ನು ಹೊತ್ತೊಯ್ದಿತು. ಮಾಂಸ ವರ್ಜ್ಯವಾಗಿದ್ದ ಮಠಕ್ಕೆ ಬೇಕಾದ ಮೀನನ್ನು ಕೆರೆಗಳಲ್ಲೇ ಸಾಕಿದರು. 1993ರಲ್ಲಿ ಯುನೆಸ್ಕೊ ಮೌಲ್‌ಬ್ರೊನ್‌ಗೆ ವಿಶ್ವ ಪರಂಪರೆಯ ತಾಣದ ಮಾನ್ಯತೆ ಕೊಟ್ಟಾಗ, ಆಲ್ಪ್ಸ್ ಪರ್ವತದ ಉತ್ತರಕ್ಕೆ ಇಷ್ಟು ಪೂರ್ಣವಾಗಿ ಉಳಿದ ಮಧ್ಯಯುಗದ ಮಠ ಇನ್ನೊಂದಿಲ್ಲ ಎಂಬುದರ ಜೊತೆಗೆ ಈ ನೀರಿನ ವ್ಯವಸ್ಥೆಯನ್ನೂ ಎತ್ತಿ ಹೇಳಿತು. ಪೌಳಿಯ ಹೊರಗಿರುವ ದೊಡ್ಡ ಕೆರೆಯಲ್ಲಿ ಈಗ ಬೇಸಿಗೆಯಲ್ಲಿ ಊರಿನವರು ಈಜುತ್ತಾರೆ.

ಒಂದೇ ಚರ್ಚು, ನಡುವೆ ಗೋಡೆ

1178ರಲ್ಲಿ ಪ್ರತಿಷ್ಠಾಪನೆಯಾದ ಚರ್ಚಿನ ಒಳಗೆ ಅಡ್ಡಲಾಗಿ ಕಲ್ಲಿನ ಗೋಡೆಯಿದೆ. ಮುಂದಿನ ಭಾಗ ಮಂತ್ರ ಓದುವ ಸನ್ಯಾಸಿಗಳಿಗೆ, ಹಿಂದಿನದು ಹೊಲ, ಕೊಟ್ಟಿಗೆ, ಕಮ್ಮಟಗಳಲ್ಲಿ ದುಡಿಯುತ್ತಿದ್ದ ಸೇವಾ ಸೋದರರಿಗೆ. ಊಟದ ಸಾಲೆಯೂ ಇಬ್ಬರಿಗೂ ಬೇರೆ ಬೇರೆ. ಸರಳತೆಯನ್ನು ಬಯಸಿ ಹೊರಟವರ ನಡುವೆಯೇ ಇಂಥ ಗೋಡೆ ಎದ್ದಿತೆಂಬುದನ್ನು ಆ ಕಲ್ಲು ಮುಚ್ಚಿಡುವುದಿಲ್ಲ. ಗೋಡೆಯ ಮುಂದೆ 1473ರ ಶಿಲುಬೆಗೇರಿದ ಯೇಸುವಿನ ಶಿಲ್ಪವಿದೆ. ಗೋಡೆಯಾಚೆ, 1450ರ ಸುಮಾರಿಗೆ ಓಕ್ ಮರದಲ್ಲಿ ಕೆತ್ತಿದ 92 ಪೀಠಗಳ ಸಾಲಿದೆ.

ಚರ್ಚಿನ ಮುಖಮಂಟಪವನ್ನು ‘ಸ್ವರ್ಗ’ ಎಂದು ಕರೆಯುತ್ತಾರೆ. 1220ರ ಸುಮಾರಿಗೆ, ಫ್ರಾನ್ಸಿನಲ್ಲಿ ಆಗಷ್ಟೇ ಬೆಳೆಯುತ್ತಿದ್ದ ಗೋಥಿಕ್ ಶೈಲಿಯನ್ನು ಬಲ್ಲ ಹೆಸರು ತಿಳಿಯದ ಶಿಲ್ಪಿಯೊಬ್ಬ ಇದನ್ನು ಕಟ್ಟಿದ. ದಪ್ಪ ಗೋಡೆಯ, ಅರೆವೃತ್ತದ ಕಮಾನಿನ ಹಳೆಯ ಶೈಲಿ ಒಂದು ಕಡೆ, ತೆಳು ಕಂಬಗಳ ಹಗುರ ಕಟ್ಟಣೆ ಇನ್ನೊಂದು ಕಡೆ. ಯುರೋಪಿನ ವಾಸ್ತುಶಿಲ್ಪ ಮಗ್ಗುಲು ಬದಲಿಸಿದ ಕಾಲವನ್ನು ಇಲ್ಲಿ ಹತ್ತು ಹೆಜ್ಜೆಯಲ್ಲಿ ದಾಟಬಹುದು.

ಪಡಸಾಲೆಗೆ ತಾಗಿದ ನೀರಿನ ಮಂಟಪದಲ್ಲಿ ಸನ್ಯಾಸಿಗಳು ಕೈತೊಳೆದು ಎದುರಿನ ಊಟದ ಸಾಲೆಗೆ ಹೋಗುತ್ತಿದ್ದರು. ಚಳಿಗಾಲದಲ್ಲಿ ಬೆಂಕಿಯ ಶಾಖ ಸಿಗುತ್ತಿದ್ದದ್ದು ಒಂದೇ ಕೋಣೆಯಲ್ಲಿ. ಈ ಮಠದ ಹೆಸರಿಗೆ ಅಂಟಿಕೊಂಡ ತಿನಿಸೂ ಒಂದಿದೆ: ಮೌಲ್‌ಟಾಷೆನ್. ನಮ್ಮ ಕಡುಬಿನಂತೆ ಹಿಟ್ಟಿನ ಹಾಳೆಯೊಳಗೆ ಹೂರಣವಿಟ್ಟು ಬೇಯಿಸುವ ತಿಂಡಿ. ಉಪವಾಸದ ದಿನಗಳಲ್ಲಿ ಮಾಂಸವನ್ನು ದೇವರ ಕಣ್ಣಿಗೆ ಬೀಳದಂತೆ ಸೊಪ್ಪಿನ ಜೊತೆ ಹಿಟ್ಟಿನಲ್ಲಿ ಅಡಗಿಸಿದ ಸನ್ಯಾಸಿಗಳ ಉಪಾಯ ಇದೆಂದು ಊರಿನವರು ಹೇಳುತ್ತಾರೆ. ಬರೀ ಸೊಪ್ಪು ತರಕಾರಿಯದೂ ಸಿಗುತ್ತದೆ.

ಮೌಲ್‌ಬ್ರೊನ್‌ನಿಂದ ಮಂಗಳೂರಿಗೆ

16ನೇ ಶತಮಾನದಲ್ಲಿ ವ್ಯುರ್ಟೆಂಬರ್ಗ್ ಪ್ರೊಟೆಸ್ಟೆಂಟ್ ಮತಕ್ಕೆ ತಿರುಗಿದಾಗ ಸನ್ಯಾಸಿಗಳ ಕಾಲ ಮುಗಿಯಿತು. ಕಟ್ಟಡ ಪಾಳುಬೀಳಬಹುದಿತ್ತು. ಆದರೆ ಡ್ಯೂಕ್ ಕ್ರಿಸ್ಟಾಫ್ ಮಠಗಳಲ್ಲಿ ಶಾಲೆ ತೆರೆದು, ಬುದ್ಧಿವಂತ ಹುಡುಗರನ್ನು ಆರಿಸಿ ಊಟ ವಸತಿ ಕೊಟ್ಟು ಓದಿಸುವ ಏರ್ಪಾಡು ಮಾಡಿದ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಯೊಹಾನೆಸ್ ಕೆಪ್ಲರ್ 1586ರಿಂದ 1589ರ ತನಕ ಇಲ್ಲಿ ಓದಿದ. ಇನ್ನೂರು ವರ್ಷಗಳ ಬಳಿಕ ಕವಿ ಹೋಲ್ಡರ್ಲಿನ್ ಬಂದ. 1891ರಲ್ಲಿ ಸೇರಿದ ಹರ್ಮನ್ ಹೆಸ್ಸೆ ಮರುವರ್ಷವೇ ಶಾಲೆಯಿಂದ ಓಡಿಹೋದ. ಆ ಉಸಿರುಕಟ್ಟಿದ ದಿನಗಳೇ ಮುಂದೆ ಅವನ ‘ಉಂಟರ್ಮ್ ರಾಡ್’ ಕಾದಂಬರಿಯಾದವು.

ಕನ್ನಡಿಗರಿಗೂ ಈ ಶಾಲೆಯ ಜೊತೆ ನಂಟಿದೆ. ‘ಸಿದ್ಧಾರ್ಥ’ ಬರೆದ ಹೆಸ್ಸೆಯ ತಾಯಿ ಮರೀ ಹುಟ್ಟಿದ್ದು 1842ರಲ್ಲಿ ಕೇರಳದ ತಲಶ್ಶೇರಿಯಲ್ಲಿ. ಅವಳ ತಂದೆ ಹರ್ಮನ್ ಗುಂಡರ್ಟ್ ಕೂಡ ಇದೇ ಮೌಲ್‌ಬ್ರೊನ್‌ನಲ್ಲಿ ಓದಿದವನು. ಬಾಸೆಲ್ ಮಿಷನ್ನಿನ ಗುಂಡರ್ಟ್ ರಚಿಸಿದ ಮಲಯಾಳಂ-ಇಂಗ್ಲಿಷ್ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟೂರು ಬ್ರಾಕನ್‌ಹೈಮ್ ಇಲ್ಲಿಗೆ ದೂರವೇನಲ್ಲ. 1894ರಲ್ಲಿ ಕನ್ನಡಕ್ಕೆ ಮಹಾನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕಣ್ಮುಚ್ಚಿದ್ದು ಇದೇ ಸೀಮೆಯ ಟ್ಯೂಬಿಂಗೆನ್ ನಗರದಲ್ಲಿ. ಹೀಬ್ರೂ, ಗ್ರೀಕ್, ಲ್ಯಾಟಿನ್‌ಗಳನ್ನು ಎಳೆತನದಲ್ಲೇ ಅರೆದು ಕುಡಿಸುತ್ತಿದ್ದ ಇಂಥ ಶಾಲೆಯ ಕಲಿಕೆ ಗುಂಡರ್ಟ್‌ನ ಮಲಯಾಳಂ ಕೆಲಸದ ಬೆನ್ನಿಗಿತ್ತು.

ಉಳಿಯದ ಹಿರ್ಸಾವ್

ಹೆಸ್ಸೆಯ ಹುಟ್ಟೂರು ಕಾಲ್ವ್ ಪಟ್ಟಣದ ಮಗ್ಗುಲಲ್ಲೇ ಹಿರ್ಸಾವ್ ಇದೆ. 11ನೇ ಶತಮಾನದಲ್ಲಿ ಮಠಾಧಿಪತಿ ವಿಲ್‌ಹೆಲ್ಮ್ ಇಲ್ಲಿ ಕಟ್ಟಿಸಿದ ಬೆನೆಡಿಕ್ಟೈನ್ ಪಂಥದ ಮಠ ಜರ್ಮನ್ ನಾಡಿನ ಅತಿ ದೊಡ್ಡ ಮಠಗಳಲ್ಲೊಂದು. ಇಲ್ಲಿನ ಸುಧಾರಣೆಯ ಗಾಳಿ ನೂರಾರು ಮೈಲಿ ದೂರದ ಮಠಗಳಿಗೆ ಬೀಸಿತ್ತು. ಇದೂ ಶಾಲೆಯಾಗಿತ್ತು. 1692ರಲ್ಲಿ ಫ್ರೆಂಚ್ ಸೈನಿಕರು ಬೆಂಕಿಯಿಟ್ಟ ಮೇಲೆ ಮಾತ್ರ ಯಾರೂ ಮರಳಿ ಬರಲಿಲ್ಲ. ಸುತ್ತಲಿನವರು ಮನೆ ಕಟ್ಟಲು ಇಲ್ಲಿಂದಲೇ ಕಲ್ಲು ಹೊತ್ತರು. ಇಂದು ಮುಖ್ಯವಾಗಿ ಉಳಿದಿರುವುದು ‘ಗೂಬೆಯ ಗೋಪುರ’, ಮಾಡಿಲ್ಲದ ಪಡಸಾಲೆಯ ಕಮಾನುಗಳು, ಅಡಿಪಾಯದ ಗೆರೆಗಳು. ಮೌಲ್‌ಬ್ರೊನ್ ನೋಡಿದವರು ಹಿರ್ಸಾವ್ ಅನ್ನೂ ನೋಡಬೇಕು. ಉಳಿದದ್ದರ ಬೆಲೆ ತಿಳಿಯುವುದು ಅಲ್ಲಿ.

ರಾಜನ ಮನೆ, ಜನರ ಸಭೆ

ಟ್ಯೂಬಿಂಗೆನ್‌ನಿಂದ ಉತ್ತರಕ್ಕೆ ಸುಮಾರು ಐದು ಕಿಲೋಮೀಟರು, ಶೋನ್‌ಬುಕ್ ಕಾಡಿನ ಅಂಚಿನಲ್ಲಿ ಬೇಬೆನ್‌ಹೌಸೆನ್ ಮಠವಿದೆ. ಇದೂ ಸಿಸ್ಟರ್ಸಿಯನ್ನರದ್ದೇ. 15ನೇ ಶತಮಾನದ ಆರಂಭದಲ್ಲಿ ಚರ್ಚಿನ ಮೇಲೆ ಏರಿಸಿದ ಜಾಲಂದರ ಕೆತ್ತನೆಯ ಕಲ್ಲಿನ ಶಿಖರವನ್ನು ನೋಡಿದರೆ, ಸರಳತೆಯ ಕಟ್ಟುಪಾಡು ಅಷ್ಟರಲ್ಲಿ ಸಡಿಲವಾಗಿತ್ತೆಂದು ತಿಳಿಯುತ್ತದೆ. ಇದು ಕೂಡ ಶಾಲೆಯಾಯಿತು. 19ನೇ ಶತಮಾನದಲ್ಲಿ ವ್ಯುರ್ಟೆಂಬರ್ಗ್ ದೊರೆಗಳ ಬೇಟೆಯ ಅರಮನೆಯಾಯಿತು. 1918ರಲ್ಲಿ ಪಟ್ಟ ಬಿಟ್ಟುಕೊಟ್ಟ ಕೊನೆಯ ದೊರೆ ಎರಡನೇ ವಿಲ್‌ಹೆಲ್ಮ್ ಇಲ್ಲೇ ನೆಲೆಸಿ 1921ರಲ್ಲಿ ತೀರಿಕೊಂಡ. ರಾಣಿ ಷಾರ್ಲೊಟ್ 1946ರ ತನಕ ಇಲ್ಲಿದ್ದಳು. ಎರಡನೇ ಮಹಾಯುದ್ಧದ ನಂತರ ಫ್ರೆಂಚರ ಹಿಡಿತದ ಪ್ರದೇಶದಲ್ಲಿ ಹೊಸ ರಾಜ್ಯವೊಂದು ರೂಪುಗೊಂಡಾಗ, ಅದರ ಶಾಸನಸಭೆ 1952ರ ವರೆಗೆ ಕೂಡಿದ್ದು ಈ ಮಠದಲ್ಲಿ. ಸನ್ಯಾಸಿ, ವಿದ್ಯಾರ್ಥಿ, ದೊರೆ, ಶಾಸಕ: ನಾಲ್ವರ ಗುರುತೂ ಒಂದೇ ಪೌಳಿಯೊಳಗೆ ಕಾಣಸಿಗುವ ಜಾಗ ಅಪರೂಪ.

ಯುದ್ಧಕ್ಕಲ್ಲದ ಕೋಟೆಗಳು

ಹೆಖಿಂಗೆನ್ ಪಟ್ಟಣದ ಹತ್ತಿರ, 855 ಮೀಟರ್ ಎತ್ತರದ ಒಂಟಿ ಗುಡ್ಡದ ಮೇಲೆ ಹೊಹೆನ್‌ಜೊಲರ್ನ್ ಕೋಟೆಯಿದೆ. ಪ್ರಷ್ಯದ ದೊರೆಗಳಾಗಿ, 1871ರಲ್ಲಿ ಜರ್ಮನಿಯ ಚಕ್ರವರ್ತಿಗಳಾದ ಮನೆತನದ ಮೂಲ ನೆಲೆ ಇದು. ಮೊದಲ ಕೋಟೆಯನ್ನು 1423ರಲ್ಲಿ ಮುತ್ತಿಗೆ ಹಾಕಿದವರು ಕೆಡವಿದರು. ಎರಡನೆಯದು ಪಾಳುಬಿತ್ತು. ಈಗ ಕಾಣುವುದು 1850ರಿಂದ 1867ರ ನಡುವೆ ಕಟ್ಟಿದ ಮೂರನೆಯದು. ಫಿರಂಗಿಯ ಕಾಲದಲ್ಲಿ ಕಟ್ಟಿದ ಈ ಬುರುಜುಗಳು ವೈರಿಗಳಿಗಾಗಿ ಎದ್ದವಲ್ಲ, ಮನೆತನದ ಹಿರಿಮೆ ಸಾರಲು ಎದ್ದವು. 1978ರ ಭೂಕಂಪದಲ್ಲಿ ಜಖಂಗೊಂಡ ಕೋಟೆಯನ್ನು ವರ್ಷಗಟ್ಟಲೆ ದುರಸ್ತಿ ಮಾಡಬೇಕಾಯಿತು. ಇಂದಿಗೂ ಇದು ಅದೇ ಮನೆತನದ ಸ್ವತ್ತು.

ರೊಯ್ಟ್‌ಲಿಂಗೆನ್‌ನಿಂದ ಆಚೆ, ಕಡಿದಾದ ಬಂಡೆಯ ತುದಿಯಲ್ಲಿ ನಿಂತ ಲಿಕ್ಟೆನ್‌ಸ್ಟೈನ್ ಕೋಟೆಯದು ಇನ್ನೊಂದು ಬಗೆ. ಇದು ಹುಟ್ಟಿದ್ದು ಕಾದಂಬರಿಯಿಂದ. ವಿಲ್‌ಹೆಲ್ಮ್ ಹೌಫ್ 1826ರಲ್ಲಿ ‘ಲಿಕ್ಟೆನ್‌ಸ್ಟೈನ್’ ಎಂಬ ಐತಿಹಾಸಿಕ ಕಾದಂಬರಿ ಬರೆದ. ಅದಕ್ಕೆ ಮನಸೋತ ವ್ಯುರ್ಟೆಂಬರ್ಗ್ ಮನೆತನದ ಕೌಂಟ್ ವಿಲ್‌ಹೆಲ್ಮ್, ಹಳೆಯ ಕೋಟೆಯಿದ್ದ ಜಾಗದಲ್ಲಿ 1840ರ ದಶಕದ ಆರಂಭದಲ್ಲಿ ಕಥೆಯ ಕೋಟೆಯನ್ನು ಕಲ್ಲಿನಲ್ಲಿ ಎಬ್ಬಿಸಿದ. ಕಾದಂಬರಿಯನ್ನು ಓದಿ ಕೋಟೆ ಕಟ್ಟುವ ಕಾಲವೂ ಒಂದಿತ್ತು.

ಹೋಗುವವರಿಗೆ

ಈ ಎಲ್ಲ ತಾಣಗಳಿಗೂ ಸ್ಟುಟ್‌ಗಾರ್ಟ್ ನಗರವೇ ಹೆಬ್ಬಾಗಿಲು. ಮೌಲ್‌ಬ್ರೊನ್‌ಗೆ ಮ್ಯೂಲಾಕರ್ ತನಕ ರೈಲು, ಅಲ್ಲಿಂದ ಬಸ್ಸು. ಟ್ಯೂಬಿಂಗೆನ್‌ನಲ್ಲಿ ಉಳಿದುಕೊಂಡರೆ ಬೇಬೆನ್‌ಹೌಸೆನ್‌ಗೆ ಕಾಡಿನ ದಾರಿಯಲ್ಲಿ ನಡೆದೇ ಹೋಗಬಹುದು, ಹೊಹೆನ್‌ಜೊಲರ್ನ್‌ಗೆ ಹೆಖಿಂಗೆನ್ ರೈಲು ಹಿಡಿಯಬಹುದು. ಐದು ಜನರ ತನಕ ಒಂದೇ ಟಿಕೆಟಿನಲ್ಲಿ ಒಂದು ದಿನ ರಾಜ್ಯದ ಸ್ಥಳೀಯ ರೈಲುಗಳಲ್ಲಿ ಓಡಾಡುವ ಸೌಕರ್ಯವೂ ಇದೆ. ಏಪ್ರಿಲ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ; ಚಳಿಗಾಲದಲ್ಲಿ ತೆರೆದಿರುವ ದಿನ, ಹೊತ್ತು ಎರಡೂ ಕಡಿಮೆ, ಮೊದಲೇ ವಿಚಾರಿಸಿಕೊಳ್ಳಿ.

ಸ್ಟುಟ್‌ಗಾರ್ಟ್‌ನ ಕಾರು ಮತ್ತು ಸಾಫ್ಟ್‌ವೇರ್ ಕಂಪನಿಗಳಲ್ಲಿ ಕನ್ನಡಿಗರು ದುಡಿಯುತ್ತಿದ್ದಾರೆ. ಅವರನ್ನು ನೋಡಲು ಊರಿಂದ ಅಪ್ಪ ಅಮ್ಮಂದಿರು ಹೋಗುತ್ತಾರೆ. ಹೋದವರು ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎಂದು ಓಡುವ ಮುನ್ನ ಒಂದು ಇಡೀ ದಿನವನ್ನು ಮೌಲ್‌ಬ್ರೊನ್‌ಗೆ ಕೊಡಲಿ. ಚರ್ಚು, ಪಡಸಾಲೆ ನೋಡಿ ಫೋಟೊ ತೆಗೆದು ಹೊರಟುಬಿಡದೆ, ಪೌಳಿ ದಾಟಿ ಕೆರೆಯ ಏರಿಯ ಮೇಲೂ ಒಂದಿಷ್ಟು ನಡೆಯಲಿ. ಜೌಗು ಕಣಿವೆಯನ್ನು ಊರಾಗಿಸಿದ ಸನ್ಯಾಸಿಗಳ ನಿಜವಾದ ಸಾಧನೆ ಕಾಣುವುದು ಅಲ್ಲಿಂದಲೇ.