ಹೆಸರು ಒಂದೇ, ಒಡಲು ಬೇರೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರ್ ಕೊಠಡಿಗಳಿಗೆ ಲಿನಕ್ಸ್ ಹೊಸತಲ್ಲ. ‘ಐಟಿ ಅಟ್ ಸ್ಕೂಲ್’ ಯೋಜನೆಯ ಕಾಲದಿಂದಲೂ ಕೇರಳ ಸರ್ಕಾರವು ಶಾಲೆಗಳಿಗೆ ಮುಕ್ತ ತಂತ್ರಾಂಶವನ್ನು ಆರಿಸಿಕೊಂಡಿದೆ. ಆ ಹೊಣೆಯನ್ನು ಈಗ ‘ಕೈಟ್’ ಸಂಸ್ಥೆ ಹೊತ್ತಿದೆ. ಹೊಸ ಆವೃತ್ತಿಯನ್ನು ಎಲ್ಲ ಯಂತ್ರಗಳಿಗೂ ಹಾಕುವ ಮೊದಲು ಒಂದರಲ್ಲಿ ಪ್ರಯೋಗಿಸಿ ನೋಡಬೇಕೆನ್ನುವ ಅಧ್ಯಾಪಕರು ಹಳೆಯ ಕಂಪ್ಯೂಟರೊಂದನ್ನು ಪರೀಕ್ಷಾ ಸರ್ವರ್ ಆಗಿ ಮಾಡಿಕೊಳ್ಳಬಹುದು. ಅದಕ್ಕೆ ಹಣ ಬೇಕಿಲ್ಲ, ಒಂದು ಸಂಜೆಯ ಬಿಡುವು ಸಾಕು. ಆದರೆ ಆ ಸರ್ವರಿನಿಂದಲೇ ಕೊಠಡಿಯ ಲ್ಯಾಪ್‌ಟಾಪುಗಳಿಗೆ ವೈಫೈ ಒದಗಿಸಬೇಕೆಂದು ಹೊರಟರೆ, ಕೆಲವೇ ನೂರು ರೂಪಾಯಿಯ ಕಾರ್ಡೊಂದು ಇಡೀ ಕೆಲಸವನ್ನು ತಡೆದು ನಿಲ್ಲಿಸೀತು.

ಕಾರಣ ಸರಳವಾಗಿದೆ. ಲಿನಕ್ಸ್ ಗುರುತಿಸುವುದು ಡಬ್ಬಿಯ ಮೇಲಿನ ಹೆಸರನ್ನಲ್ಲ, ಒಳಗಿನ ಚಿಪ್ಪನ್ನು. ಡಬ್ಬಿಯ ಮೇಲೆ ವೇಗವಿದೆ, ಆಂಟೆನಾದ ಬಲವಿದೆ, ನಗುತ್ತಿರುವ ಕುಟುಂಬದ ಚಿತ್ರವೂ ಇರಬಹುದು. ಚಿಪ್ಪಿನ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಟಿಪಿ-ಲಿಂಕ್ ಕಂಪನಿಯ ‘ಟಿಎಲ್-ಡಬ್ಲ್ಯುಎನ್722ಎನ್’ ಎಂಬ ಯುಎಸ್‌ಬಿ ಅಡಾಪ್ಟರ್ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಕಂಪನಿಯ ಎಆರ್9271 ಚಿಪ್ ಇತ್ತು. ಅದರ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಸೇರಿತ್ತು. ಚಿಪ್ಪಿನೊಳಗೆ ಓಡುವ ಫರ್ಮ್‌ವೇರ್‌ನ ಮೂಲ ಸಂಕೇತವೂ ಮುಂದೆ ಮುಕ್ತವಾಯಿತು. ಅಡಾಪ್ಟರನ್ನು ಸಿಕ್ಕಿಸಿದೊಡನೆ ಕೆಲಸ ಮಾಡುತ್ತಿತ್ತು, ಬೇಕೆಂದರೆ ತಾನೇ ಆಕ್ಸೆಸ್ ಪಾಯಿಂಟ್ ಆಗಿ ಇತರ ಯಂತ್ರಗಳಿಗೆ ಸಂಪರ್ಕವನ್ನೂ ಕೊಡುತ್ತಿತ್ತು. ಹೀಗಾಗಿ ಬಲ್ಲವರ ಬಾಯಲ್ಲಿ ಅದರ ಹೆಸರು ಹರಡಿತು. ಎರಡನೆಯ ಆವೃತ್ತಿಗೆ ಬರುವಾಗ ಕಂಪನಿ ಒಳಗಿನ ಚಿಪ್ಪನ್ನು ಬದಲಿಸಿ ರಿಯಲ್‌ಟೆಕ್‌ನ ಚಿಪ್ಪನ್ನು ಕೂರಿಸಿತು. ಹೆಸರು ಅದೇ, ಮಾದರಿ ಸಂಖ್ಯೆಯೂ ಅದೇ. ಹಳೆಯ ಸಲಹೆಯನ್ನು ನಂಬಿ ಕೊಂಡವರ ಕೈಗೆ ಬಂದದ್ದು ಬೇರೆಯೇ ವಸ್ತು. ಅದು ಸಾಧಾರಣ ಬಳಕೆಗೆ ಒದಗಿದರೂ, ಆಕ್ಸೆಸ್ ಪಾಯಿಂಟಿನಂಥ ಕೆಲಸಗಳಲ್ಲಿ ಲಿನಕ್ಸಿಗರು ಮೊದಲಿನದನ್ನು ನೆಚ್ಚಿಕೊಂಡಷ್ಟು ಇದನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಕಂಪನಿಯು ಸುಳ್ಳು ಹೇಳಿತೆನ್ನಲು ಬರುವುದಿಲ್ಲ, ಏಕೆಂದರೆ ಆವೃತ್ತಿಯ ಸಂಖ್ಯೆಯನ್ನು ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿಯೇ ಇತ್ತು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸರಕಿನ ಗುಣಮಟ್ಟ, ಪ್ರಮಾಣ, ಶುದ್ಧತೆ, ಬೆಲೆ ಮೊದಲಾದವುಗಳ ಬಗ್ಗೆ ಮಾಹಿತಿ ಪಡೆಯುವುದನ್ನು ಗ್ರಾಹಕನ ಹಕ್ಕೆಂದು ಹೇಳುತ್ತದೆ. ಒಂದೇ ಹೆಸರಿನಡಿ ಒಡಲನ್ನು ಬದಲಿಸಿ ಮಾರುವಾಗ ಆ ಬದಲಾವಣೆಯನ್ನು ಡಬ್ಬಿಯ ಮುಖದ ಮೇಲೆಯೇ ತಿಳಿಸಬೇಕೆಂಬ ವಾದಕ್ಕೆ ಈ ಹಕ್ಕಿನಲ್ಲಿ ಆಧಾರವಿದೆ. ಆದರೆ ಕೆಲವು ನೂರು ರೂಪಾಯಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ಯಾರು? ವಿಂಡೋಸ್‌ನಲ್ಲಿ ನಡೆಯುವ ವಸ್ತುವನ್ನು ‘ದೋಷಯುಕ್ತ’ವೆಂದು ಸಾಧಿಸುವುದೂ ಸುಲಭವಲ್ಲ. ಡಬ್ಬಿಯ ಮೇಲೆ ಲಿನಕ್ಸ್ ಎಂದು ಬರೆದಿದ್ದರೆ ಮಾತು ಬೇರೆ.

ಯುಎಸ್‌ಬಿಯ ಬದಲು ಮದರ್‌ಬೋರ್ಡಿಗೇ ಕಾರ್ಡ್ ಕೂರಿಸುತ್ತೇವೆನ್ನುವವರಿಗೂ ಒಂದು ಎಚ್ಚರಿಕೆ ಸಲ್ಲುತ್ತದೆ. ಇಂಟೆಲ್‌ನ ಎಎಕ್ಸ್210 ಮತ್ತು ಎಎಕ್ಸ್211 ಕಾರ್ಡುಗಳು ನೋಟಕ್ಕೆ ಅವಳಿಗಳಂತಿವೆ, ಒಂದೇ ಬಗೆಯ ಎಂ.2 ಸ್ಲಾಟಿನಲ್ಲಿ ಕೂರುತ್ತವೆ. ಮೊದಲನೆಯದು ಪೂರ್ಣ ಕಾರ್ಡ್. ಎರಡನೆಯದರ ಕೆಲಸದ ಒಂದು ಭಾಗವನ್ನು ಇಂಟೆಲ್‌ನದೇ ಚಿಪ್‌ಸೆಟ್ ಮಾಡಬೇಕು. ಎಎಂಡಿ ಬೋರ್ಡಿನಲ್ಲಾಗಲಿ ಹಳೆಯ ಇಂಟೆಲ್ ಬೋರ್ಡಿನಲ್ಲಾಗಲಿ ಅದು ನಿರ್ಜೀವ ತಗಡು. ಎಎಕ್ಸ್210 ಲಿನಕ್ಸಿನೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ನಿಜ. ಆದರೂ 5 ಗಿಗಾಹರ್ಟ್ಸ್‌ನಲ್ಲಿ ಅದನ್ನು ಆಕ್ಸೆಸ್ ಪಾಯಿಂಟ್ ಆಗಿ ನಿಲ್ಲಿಸಲು ಹೊರಟರೆ ಅದರ ಫರ್ಮ್‌ವೇರೇ ಅಡ್ಡ ಬರುತ್ತದೆ: ತಾನಿರುವ ದೇಶದ ನಿಯಮವೇನೆಂದು ಅದು ಸ್ವತಃ ಊಹಿಸಿಕೊಳ್ಳುತ್ತದೆ, ಖಾತ್ರಿಯಾಗದಿದ್ದರೆ ತಾನಾಗಿ ಪ್ರಸಾರ ಆರಂಭಿಸುವುದಿಲ್ಲ.

ಇಲ್ಲಿ ಕಾನೂನು ಸರ್ಕಾರಿ ಗೆಜೆಟ್ ಬಿಟ್ಟು ಚಿಪ್ಪಿನೊಳಗೆ ಬಂದು ಕುಳಿತಿದೆ. ಭಾರತದಲ್ಲಿ 1933ರ ನಿಸ್ತಂತು ಕಾಯಿದೆಯು ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತ್ತು. 2.4 ಗಿಗಾಹರ್ಟ್ಸ್ ಪಟ್ಟಿಗೆ 2005ರ ಜನವರಿಯಲ್ಲಿ ವಿನಾಯಿತಿ ದೊರೆಯಿತು, 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗಕ್ಕೆ 2018ರ ಅಕ್ಟೋಬರಿನಲ್ಲಿ. ನೆಲದ ಕಾನೂನು ಸಡಿಲವಾದರೂ ಚಿಪ್ಪಿನೊಳಗಿನ ಕಾವಲುಗಾರನಿಗೆ ಅದನ್ನು ಮನವರಿಕೆ ಮಾಡಿಕೊಡುವ ದಾರಿ ಬಳಕೆದಾರನ ಕೈಯಲ್ಲಿಲ್ಲ. ಪರೀಕ್ಷಾ ಸರ್ವರಿಗೆ 2.4 ಗಿಗಾಹರ್ಟ್ಸ್ ಸಾಕೆಂದು ಒಪ್ಪಿಕೊಂಡವರಿಗೆ ಈ ಜಗಳ ಬೇಕಿಲ್ಲ.

ಕೊಳ್ಳುವ ಮುನ್ನ ಮಾಡಬಹುದಾದದ್ದು ಇಷ್ಟು. ಹೊಸೂರಿನವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವಾಗ ಲಿನಕ್ಸ್ ಹಾಕಿದ ಲ್ಯಾಪ್‌ಟಾಪನ್ನು ಜೊತೆಗೊಯ್ಯಬಹುದು. ಯುಎಸ್‌ಬಿ ಅಡಾಪ್ಟರನ್ನು ಸಿಕ್ಕಿಸಿ ‘ಎಲ್‌ಎಸ್‌ಯುಎಸ್‌ಬಿ’ ಆಜ್ಞೆ ಕೊಟ್ಟರೆ, ತಯಾರಕ ಮತ್ತು ವಸ್ತುವಿನ ಗುರುತು ಸಂಖ್ಯೆಗಳು ತೆರೆಯ ಮೇಲೆ ಬರುತ್ತವೆ; ಎಆರ್9271 ಆಗಿದ್ದರೆ ಕೊನೆಯ ನಾಲ್ಕು ಅಂಕಿ ಸಾಮಾನ್ಯವಾಗಿ 9271 ಎಂದಿರುತ್ತದೆ. ಬಳಿಕ ‘ಐಡಬ್ಲ್ಯು ಲಿಸ್ಟ್’ ಎಂದರೆ ಆ ಕಾರ್ಡಿಗೆ ಬಲ್ಲ ಕೆಲಸಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ‘ಎಪಿ’ ಎಂಬ ಎರಡಕ್ಷರವಿಲ್ಲದಿದ್ದರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದು ಲೇಸು. ಅಂಗಡಿಯವರು ಡಬ್ಬಿ ತೆರೆಯಲು ಒಪ್ಪದಿದ್ದರೆ, ಅದನ್ನು ಮಗುಚಿ ಚೀಟಿಯ ಮೇಲಿನ ಆವೃತ್ತಿ ಸಂಖ್ಯೆಯನ್ನು ಓದಿಕೊಳ್ಳಬೇಕು, ಬಿಲ್ಲಿನ ಮೇಲೂ ಅದನ್ನು ಬರೆಸಿಕೊಳ್ಳಬೇಕು.