ತಿಳಿದ ಕಥೆಯ ಕುತೂಹಲ

ಪತ್ತೇದಾರಿ ಕಾದಂಬರಿಯ ಗುಟ್ಟು ನಡುವಿನಲ್ಲಿಯೇ ತಿಳಿದುಹೋದರೆ ಮುಂದೆ ಅದನ್ನು ಓದುವದರಿಂದ ಫಲವೇನು? ಈ ಪ್ರಶ್ನೆಯನ್ನು ಅನೇಕರು ಕೇಳುವದುಂಟು. ಬಹುಕಾಲ ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿದ ನಾವೂ ಒಮ್ಮೆ ಇದನ್ನೇ ಕೇಳಿ, ತಕ್ಕ ಉತ್ತರವನ್ನು ನಮ್ಮ ಮನೆಯಲ್ಲಿಯೇ ಪಡೆದೆವು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಗೃಹಿಣಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಳು. ಸಿದ್ದಾಪುರ ಸೀಮೆಯ ಆಷಾಢದ ಮಳೆಯನ್ನು ಬಲ್ಲವರೇ ಬಲ್ಲರು. ಹೊರಗೆ ಕಾಲಿಡುವಂತಿಲ್ಲ, ವಿದ್ಯುದ್ದೀಪ ಆರಿದರೆ ಮತ್ತೆ ಯಾವಾಗ ಹೊತ್ತುವದೋ ಹೇಳುವಂತಿಲ್ಲ. ರೋಗಿಯ ಬೇಸರ ಕಳೆಯಲೆಂದು ವಾಚನಾಲಯದಿಂದ ಒಂದು ಪತ್ತೇದಾರಿ ಕಾದಂಬರಿಯನ್ನು ತಂದು, ರಾತ್ರಿಗೊಂದು ಪ್ರಕರಣದಂತೆ ಓದಿ ಹೇಳುತ್ತಿದ್ದೆವು. ನಾಲ್ಕನೆಯ ರಾತ್ರಿ ಆಕೆ ನಕ್ಕು, ವಿಷವಿಕ್ಕಿದವನು ಆ ಸಾಧುಸ್ವಭಾವದ ಗುಮಾಸ್ತನೇ ಎಂದಳು. ನಾವು ಕೊನೆಯ ಪುಟಗಳನ್ನು ತಿರುವಿ ನೋಡಿದೆವು, ಮಾತು ನಿಜವಾಗಿತ್ತು. ಇನ್ನು ಓದುವದೇಕೆಂದು ಪುಸ್ತಕವನ್ನು ಮುಚ್ಚಿದೆವು.

"ಗೊತ್ತಾದ್ರೆ ಎಂತಾತು? ಅವ ಹ್ಯಾಂಗೆ ಸಿಕ್ಕಿಬೀಳ್ತ ಹೇಳಿ ನೋಡವು. ಓದಿ" ಎಂದಳು ಆಕೆ.

ಪಂಡಿತಮಾನಿಗಳಾದ ನಾವು ಆ ರಾತ್ರಿ ಓದಲಿಲ್ಲ. ಆದರೆ ಆ ಮಾತು ನಮ್ಮನ್ನು ನಿದ್ರಿಸಗೊಡಲಿಲ್ಲ. ಯೋಚಿಸುತ್ತ ಮಲಗಿದ್ದಾಗ ನೆನಪಾದದ್ದು ನಮ್ಮ ಬಯಲಾಟ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನರು ಯಕ್ಷಗಾನಕ್ಕೆ ಹೋಗುವದು ಕಥೆಯನ್ನು ತಿಳಿಯುವದಕ್ಕಲ್ಲ. ಚಂದ್ರಹಾಸನ ಪ್ರಸಂಗವನ್ನೇ ನೋಡಿರಿ. ಲಕ್ಷ್ಮೀಶನ ಜೈಮಿನಿ ಭಾರತದ ಮೂಲಕ ಮನೆಮನೆಗೂ ಪರಿಚಿತವಾದ ಕಥೆಯದು. ಮಂತ್ರಿಯಾದ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಪತ್ರ ಬರೆದು, ಬಂದವನಿಗೆ ವಿಷವನ್ನು ಕೊಡೆಂದು ತಿಳಿಸುತ್ತಾನೆ. ಆ ಪತ್ರವನ್ನು ಒಯ್ಯುವವನು ಚಂದ್ರಹಾಸನೇ. ದಾರಿಯ ಉದ್ಯಾನದಲ್ಲಿ ಅವನು ನಿದ್ರಿಸುತ್ತಿರಲು, ಮಂತ್ರಿಯ ಮಗಳು ವಿಷಯೆ ಅದನ್ನು ಓದಿ ಒಂದಕ್ಷರವನ್ನು ತಿದ್ದುತ್ತಾಳೆ. "ವಿಷ" ಹೋಗಿ "ವಿಷಯೆ" ಆಗುತ್ತದೆ. ಮರಣಕ್ಕೆ ಬದಲು ಮದುವೆಯಾಗುತ್ತದೆ. ಸಭೆಯಲ್ಲಿ ಕುಳಿತ ಹುಡುಗನಿಗೂ ಇದು ಗೊತ್ತು. ಆದರೂ ವಿಷಯೆ ಓಲೆಯನ್ನು ಬಿಚ್ಚುವಾಗ ತೂಕಡಿಸುತ್ತಿದ್ದವರೂ ಎದ್ದು ಕೂಡುತ್ತಾರೆ. ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ದುಷ್ಟಬುದ್ಧಿಯ ವೇಷಕ್ಕೆ ಹೆಸರಾಗಿದ್ದವರು. ಕೊಲ್ಲಿಸಬೇಕೆಂದವನೇ ತನಗೆ ಅಳಿಯನಾದನೆಂದು ಮಂತ್ರಿ ತಿಳಿಯುವ ಆ ಗಳಿಗೆಗಾಗಿಯೇ ಜನರು ನಿದ್ದೆಗೆಟ್ಟು ಕಾಯುತ್ತಿದ್ದರು. ಏನಾಗುವದೆಂಬದು ಅವರಿಗೆ ತಿಳಿದಿತ್ತು. ಆಗುವಾಗ ಆ ಮುಖ ಹೇಗೆ ಬದಲಾಗುವದೆಂಬದನ್ನು ಮಾತ್ರ ನೋಡಿಯೇ ತಿಳಿಯಬೇಕಿತ್ತು.

ನಮ್ಮ ಪೂರ್ವಿಕರಿಗೆ ಈ ಮರ್ಮವು ಅಜ್ಞಾತವಾಗಿರಲಿಲ್ಲ. ಭರತಮುನಿಯ ನಾಟ್ಯಶಾಸ್ತ್ರವು ನಾಟಕದ ಕಾರ್ಯಕ್ಕೆ ಐದು ಅವಸ್ಥೆಗಳನ್ನು ಹೇಳುತ್ತದೆ: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ನಿಯತಾಪ್ತಿಯೆಂದರೆ ಫಲವು ದೊರೆಯುವದು ನಿಶ್ಚಿತವಾಯಿತೆಂದು ತೋರುವ ಅವಸ್ಥೆ. ಅಲ್ಲಿಗೆ ನಾಟಕವು ಮುಗಿಯಲಿಲ್ಲವೆಂಬದನ್ನು ವಾಚಕರು ಗಮನಿಸಬೇಕು. ನಿಶ್ಚಯವಾದ ಮೇಲೆಯೂ ಒಂದು ಅವಸ್ಥೆಯನ್ನು ಶಾಸ್ತ್ರಕಾರರು ಉಳಿಸಿದ್ದಾರೆ. ಎಷ್ಟೋ ವರ್ಷ ಈ ಐದು ಹೆಸರುಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ ನಮಗೆ ಅದರ ಅರ್ಥವು ಆ ರಾತ್ರಿ ಹೊಳೆಯಿತು.

ವಿಶಾಖದತ್ತನ ಮುದ್ರಾರಾಕ್ಷಸವು ಇಂದಿನ ಪತ್ತೇದಾರಿ ಕಥೆಗೆ ಹತ್ತಿರದ ನಾಟಕ. ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರುವದೂ, ಆ ಮುದ್ರೆಯೊತ್ತಿದ ಕಪಟಪತ್ರವು ಸಿದ್ಧವಾಗುವದೂ ಮೊದಲನೆಯ ಅಂಕದಲ್ಲಿಯೇ ನಮ್ಮ ಕಣ್ಣೆದುರಿಗೆ ನಡೆಯುತ್ತವೆ. ಬಲೆ ಕಾಣದಿರುವದು ರಾಕ್ಷಸನೊಬ್ಬನಿಗೆ. ಕೊನೆಗೆ ಮಿತ್ರನಾದ ಚಂದನದಾಸನ ಪ್ರಾಣವನ್ನುಳಿಸಲು ಅವನು ತಾನಾಗಿಯೇ ಬಂದು ಸಿಕ್ಕುತ್ತಾನೆ. ಗುಟ್ಟನ್ನು ಬಚ್ಚಿಟ್ಟಿದ್ದರೆ ನಾವು ಕ್ಷಣಕಾಲ ಬೆರಗಾಗುತ್ತಿದ್ದೆವು. ಬಿಚ್ಚಿಟ್ಟುದರಿಂದ ಏಳು ಅಂಕಗಳ ತನಕ ಅವನಿಗಾಗಿ ಮರುಗುತ್ತೇವೆ. ಕೆಂಪುನಾರಾಯಣನು 1823ರಲ್ಲಿ ಇದೇ ಕಥೆಯನ್ನು "ಮುದ್ರಾಮಂಜೂಷ"ವೆಂದು ಕನ್ನಡ ಗದ್ಯದಲ್ಲಿ ಹೇಳಿದನು. ಹಳೆಯ ಕಥೆಯೆಂದು ಅವನು ಹಿಂಜರಿಯಲಿಲ್ಲ.

ಪಾಶ್ಚಾತ್ಯರೂ ಇದನ್ನು ಪರೀಕ್ಷಿಸಿದ್ದಾರೆ. ಅಮೇರಿಕೆಯ ಸಾನ್ ಡಿಯೇಗೋದಲ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಣ್ಣಕಥೆಗಳ ಅಂತ್ಯವನ್ನು ಮೊದಲೇ ತಿಳಿದು ಓದಿದವರು ತಿಳಿಯದೆ ಓದಿದವರಿಗಿಂತ ಹೆಚ್ಚು ಸಂತೋಷಪಟ್ಟರಂತೆ. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದ ಫಲವೂ ಕಂಡುಬಂದಿದೆ. ಆದುದರಿಂದ ಇದನ್ನೇ ಸಿದ್ಧಾಂತವೆಂದು ಹಿಡಿಯಲಾಗದು.

ಊಹೆಗೆ ಸಿಕ್ಕಿದ ಕಾದಂಬರಿಗಳೆಲ್ಲ ಒಳ್ಳೆಯವೆಂದು ನಾವು ಹೇಳುವದಿಲ್ಲ. ಗುಟ್ಟೊಂದನ್ನು ಬಿಟ್ಟು ಮತ್ತೇನೂ ಇಲ್ಲದ ಪುಸ್ತಕವು ಗುಟ್ಟು ಹೊರಬಿದ್ದೊಡನೆ ಅಡಿಕೆ ಸುಲಿದ ಮೇಲಿನ ಸಿಪ್ಪೆಯಂತಾಗುವದು. ಆದರೆ ಕಥೆಯೊಳಗಿನ ಮನುಷ್ಯರು ಜೀವಂತರಾಗಿದ್ದರೆ, ನಮಗೆ ತಿಳಿದುದು ಅವರಿಗೆ ತಿಳಿಯದಿರುವದೇ ನಮ್ಮ ಕಳವಳಕ್ಕೆ ಸಾಕು. ಕಳ್ಳನಾರೆಂಬದು ಒಂದು ಪ್ರಶ್ನೆ. ಅವನನ್ನು ನಂಬಿದ ಮನೆಯವರ ಗತಿಯೇನೆಂಬದು ಅದಕ್ಕಿಂತ ದೊಡ್ಡ ಪ್ರಶ್ನೆ.

ಮರುದಿನ ಸಂಜೆ ನಾವಾಗಿಯೇ ಪುಸ್ತಕವನ್ನು ತೆರೆದೆವು. ಆಕೆ ಏನೂ ಅನ್ನದೆ ದಿಂಬಿಗೊರಗಿ ಕುಳಿತಳು. ಗುಮಾಸ್ತನು ಸಿಕ್ಕಿಬೀಳುವದಕ್ಕೆ ಮತ್ತೆ ಒಂಬತ್ತು ರಾತ್ರಿಗಳು ಬೇಕಾದವು. ಅವನ ಹೆಂಡತಿಯ ಪಾಡನ್ನು ಕೇಳಿ ಆಕೆ ಕಣ್ಣೊರಸಿಕೊಂಡಳು. ಆ ಮಳೆಗಾಲದಲ್ಲಿ ಇನ್ನೂ ಮೂರು ಕಾದಂಬರಿಗಳು ಮುಗಿದವು. ಎರಡರ ಗುಟ್ಟನ್ನು ಆಕೆ ಮೊದಲೇ ಹೇಳಿಬಿಟ್ಟಿದ್ದಳು. ತನ್ನ ಕಾಯಿಲೆಯ ಕೊನೆ ಯಾವದೆಂಬದೂ ಆಕೆಗೆ ತಿಳಿದಿತ್ತು. ವೈದ್ಯರು ನಮ್ಮಿಬ್ಬರಿಗೂ ಮುಚ್ಚಿಟ್ಟಿರಲಿಲ್ಲ. ಮಾಘಮಾಸದಲ್ಲಿ ಆಕೆ ತೀರಿಕೊಂಡಳು. ಅಲ್ಲಿಯ ವರೆಗೂ ಸಂಜೆಯಾದೊಡನೆ "ಇವತ್ತು ಎಲ್ಲಿಂದ?" ಎಂದು ಕೇಳುವದನ್ನು ಬಿಟ್ಟಿರಲಿಲ್ಲ.

ಆದಕಾರಣ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ಮನೆಯಲ್ಲಿ ಹಾಸಿಗೆ ಹಿಡಿದವರೋ ಕಣ್ಣು ಮಸುಕಾದ ಹಿರಿಯರೋ ಇದ್ದರೆ, ರಾತ್ರಿಗೊಂದು ಪ್ರಕರಣವನ್ನಾದರೂ ಓದಿ ಹೇಳಿರಿ. ಅವರು ಅಂತ್ಯವನ್ನು ಊಹಿಸಿದರೆ ಹೌದೆಂದು ಒಪ್ಪಿರಿ. ಆದರೆ ನಾವು ಆ ಒಂದು ರಾತ್ರಿ ಮಾಡಿದಂತೆ ಪುಸ್ತಕವನ್ನು ಮಾತ್ರ ಮುಚ್ಚಬೇಡಿರಿ.